ರೀಡ್‌ಮಿ ತಿದ್ದಿ ಕಳಿಸಿದೆ, 'ಸ್ಪ್ಯಾಮ್' ಅಂತ ಮುಚ್ಚಿದರು. ಓಪನ್ ಸೋರ್ಸ್ ನಮ್ಮಂಥವರಿಗೆ ಅಲ್ವಾ?

ಭೀಮಾ_ದಂಡೆ

ನಾನು ಶಹಾಪುರದ ಕಡೆಯವಳು. ಕಲಬುರಗಿಯಲ್ಲಿ ಕಂಪ್ಯೂಟರ್ ಸೈನ್ಸ್ ಕೊನೆ ವರ್ಷ. ಒಂದು ವಿಷಯ ಎರಡು ವಾರದಿಂದ ತಲೆ ತಿನ್ನುತ್ತಿದೆ, ಇಲ್ಲಿ ಕೇಳಿಬಿಡೋಣ ಅನಿಸಿತು.

ನಮಗೆ ಪ್ಲೇಸ್‌ಮೆಂಟ್ ತರಬೇತಿ ಕೊಡಲು ಬಂದವರು ಹೇಳಿದ್ದು ಒಂದೇ ಮಾತು. ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಪ್ರೊಫೈಲ್ ತುಂಬ ಹಸಿರು ಚೌಕ (ಕೋಡ್ ಕಳಿಸಿದ ದಿನದ ಗುರುತು) ಇರಬೇಕು, ಇಲ್ಲದಿದ್ದರೆ ಬೆಂಗಳೂರಿನ ಕಂಪನಿಗಳು ರೆಸ್ಯೂಮೆ ತೆಗೆದೂ ನೋಡಲ್ಲ. ಹೇಗೆ ಮಾಡಬೇಕು ಅಂತ ಕೇಳಿದರೆ ಒಂದು ಯೂಟ್ಯೂಬ್ ಲಿಂಕ್ ಕೊಟ್ಟರು. ವಿಡಿಯೊ ನೋಡಿದೆ, ಒಂದು ದೊಡ್ಡ ಓಪನ್ ಸೋರ್ಸ್ ಪ್ರಾಜೆಕ್ಟ್ (ಕೋಡ್ ಎಲ್ಲರಿಗೂ ತೆರೆದಿಟ್ಟದ್ದು) ಹುಡುಕಿದೆ, ಅದರ ಪರಿಚಯ ಬರೆದಿರುವ ರೀಡ್‌ಮಿ ಫೈಲಿನಲ್ಲಿ ಒಂದು ವಾಕ್ಯ ತಿದ್ದಿ, ಇದನ್ನು ಸೇರಿಸಿಕೊಳ್ಳಿ ಅಂತ ಕೇಳುವ ಪುಲ್ ರಿಕ್ವೆಸ್ಟ್ ಕಳಿಸಿದೆ. ರಾತ್ರಿ ಹನ್ನೊಂದಕ್ಕೆ, ಹಾಸ್ಟೆಲ್‌ನಲ್ಲಿ, ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು, ಅಣ್ಣನ ಹಳೆ ಲ್ಯಾಪ್‌ಟಾಪ್‌ನಲ್ಲಿ. ಹತ್ತು ನಿಮಿಷಕ್ಕೆ ಮುಚ್ಚಿದರು. ಮೇಲೆ 'ಸ್ಪ್ಯಾಮ್' ಅಂತ ಒಂದು ಲೇಬಲ್. ಒಂದು ಮಾತಿಲ್ಲ. ರೂಮ್‌ಮೇಟ್‌ಗೂ ಹೇಳಲಿಲ್ಲ, ಅಷ್ಟು ನಾಚಿಕೆಯಾಯಿತು.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ನೆಟ್ ಪ್ಯಾಕ್ ತಿಂಗಳ ಕೊನೆಗೆ ಮುಗಿದಿರುತ್ತದೆ. ಇದೆಲ್ಲ ನಮ್ಮಂಥವರಿಗಲ್ಲ ಅಂತ ಬಿಟ್ಟುಬಿಡಲೇ? ಇನ್ನೊಂದು ಪ್ರಶ್ನೆ, ಪೆದ್ದು ಅನಿಸಿದರೆ ಕ್ಷಮಿಸಿ: ಯಾರದೋ ಕಂಪನಿ ಬಳಸುವ ಸಾಫ್ಟ್‌ವೇರ್‌ಗೆ ನಾನು ಯಾಕೆ ಪುಕ್ಕಟೆ ದುಡಿಯಬೇಕು?

ತೊಗರಿ_ಕೋಡ್

ತಂಗಿ, ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡ. ನಾನಿದ್ದರೂ ಅದನ್ನು ಮುಚ್ಚುತ್ತಿದ್ದೆ. ಎರಡು ಒಳ್ಳೆ ಮಾತು ಬರೆದು ಮುಚ್ಚುತ್ತಿದ್ದೆ, ಅಷ್ಟೇ. ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಕೋಡ್ ಬರೆದು, ಕೊರೊನಾ ಹೊತ್ತಿನಲ್ಲಿ ಕಲಬುರಗಿಗೆ ವಾಪಸ್ ಬಂದವನು ನಾನು. ಈಗ ಸೇಡಂ ರೋಡಿನ ಮನೆಯಿಂದಲೇ ಕೆಲಸ. ನನ್ನದೂ ಒಂದು ಸಣ್ಣ ಲೈಬ್ರರಿ (ಬೇರೆ ಪ್ರೋಗ್ರಾಮ್‌ಗಳು ಬಳಸಿಕೊಳ್ಳುವ ಕೋಡ್) ಗಿಟ್‌ಹಬ್‌ನಲ್ಲಿದೆ. ನೂರು ಜನ ಬಳಸಬಹುದು, ಅದಕ್ಕೇ ವಾರಕ್ಕೊಂದು ಇಂಥ 'ತಿದ್ದುಪಡಿ' ಬರುತ್ತದೆ. ದೊಡ್ಡವರ ಪಾಡು ಕೇಳಲೇಬೇಡ.

2020ರ ಅಕ್ಟೋಬರ್‌ನಲ್ಲಿ ಓಪನ್ ಸೋರ್ಸ್‌ಗೆ ಜನರನ್ನು ಸೆಳೆಯುವ ಹ್ಯಾಕ್ಟೋಬರ್‌ಫೆಸ್ಟ್ ಅಭಿಯಾನದವರು ನಾಲ್ಕು ಪುಲ್ ರಿಕ್ವೆಸ್ಟ್‌ಗೆ ಒಂದು ಟೀ ಶರ್ಟ್ ಅಂದಿದ್ದರು. ಕಸದ ರಾಶಿ ಎಷ್ಟು ಬಂತು ಅಂದರೆ, ತಿಂಗಳ ಮೊದಲ ವಾರದಲ್ಲೇ ನಿಯಮ ಬದಲಿಸಿ, ಒಪ್ಪಿಗೆ ಕೊಟ್ಟ ಪ್ರಾಜೆಕ್ಟ್‌ಗಳಿಗೆ ಮಾತ್ರ ಅಂತ ಮಾಡಬೇಕಾಯಿತು. 2024ರ ಶುರುವಿನಲ್ಲಿ ವೆಬ್‌ಸೈಟ್ ಕಟ್ಟಲು ಬಳಸುವ ಎಕ್ಸ್‌ಪ್ರೆಸ್ ಜೆಎಸ್‌ಗೂ ಇದೇ ಗತಿ, ಹುಡುಗರು ಸಾಲಾಗಿ ಬಂದು ರೀಡ್‌ಮಿಯಲ್ಲಿ ತಮ್ಮ ಹೆಸರು ಸೇರಿಸಿ ಹೋದರು. ಎರಡರ ಹಿಂದೆಯೂ ಕಲಿಸುವ ಯೂಟ್ಯೂಬ್ ವಿಡಿಯೊಗಳಿದ್ದವು, ನಿನಗೆ ಸಿಕ್ಕಂಥವೇ. ಹುಡುಗರ ತಪ್ಪು ಕಡಿಮೆ, ದಾರಿ ತೋರಿಸಿದವರದು ಜಾಸ್ತಿ.

ಆ ಕಡೆ ಕೂತವರು ದೊಡ್ಡ ಆಫೀಸು, ಕೈಕೆಳಗೆ ನಾಲ್ಕು ಜನ ಇಟ್ಟುಕೊಂಡಿರುತ್ತಾರೆ ಅಂದುಕೊಂಡಿದ್ದರೆ, ಎಕ್ಸ್‌ಝಡ್ ಕಥೆ ಓದು. ಲಿನಕ್ಸ್ (ವಿಂಡೋಸ್‌ನಂಥದ್ದೇ, ಆದರೆ ಓಪನ್ ಸೋರ್ಸ್) ಸರ್ವರ್‌ಗಳಲ್ಲಿ ಎಲ್ಲೆಲ್ಲೂ ಇರುವ, ಫೈಲ್ ಕುಗ್ಗಿಸುವ ಸಾಮಾನು ಅದು. ನೋಡಿಕೊಳ್ಳುತ್ತಿದ್ದದ್ದು ಲಾಸ್ಸೆ ಕೊಲಿನ್ ಅನ್ನುವ ಒಬ್ಬನೇ ಮನುಷ್ಯ, ಅದೂ ಬಿಡುವಿನ ಹೊತ್ತಿನಲ್ಲಿ, ಸಂಬಳವಿಲ್ಲದೆ. 2022ರಲ್ಲಿ, ನನ್ನ ಮನಸ್ಸಿನ ಆರೋಗ್ಯ ಸರಿ ಇಲ್ಲ, ಮಾಡಲಾಗುತ್ತಿಲ್ಲ ಅಂತ ಅವನೇ ಬರೆದಿದ್ದ. ಸಹಾಯಕ್ಕೆ ಬಂದ 'ಜಿಯಾ ಟಾನ್' ಅನ್ನುವ ಹೆಸರು ಎರಡು ವರ್ಷ ನಂಬಿಕೆ ಗಳಿಸಿತು, ಆಮೇಲೆ ಒಳಗೆ ಕಳ್ಳಬಾಗಿಲು ಇಟ್ಟಿತು. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಅನ್ನುವ ಇಂಜಿನಿಯರ್‌ಗೆ ಸಿಕ್ಕಿಬಿತ್ತು. ಹೇಗೆ ಅಂದರೆ, ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಯಾಕೆ ಅಂತ ಅವನು ಬೆನ್ನು ಹತ್ತಿದ್ದ. ಆದ್ದರಿಂದ ನಿನ್ನ ರಿಕ್ವೆಸ್ಟ್ ಮುಚ್ಚಿದವರು ಸೊಕ್ಕಿನವರೇ ಇರಬೇಕೆಂದಿಲ್ಲ. ಅವತ್ತಿನ ಮೂವತ್ತನೆಯ ರೀಡ್‌ಮಿ ನೋಡಿ ಸುಸ್ತಾದವರೂ ಇರಬಹುದು.

ಇನ್ನು ಪುಕ್ಕಟೆ ದುಡಿಮೆ. ಇದು ಪೆದ್ದು ಪ್ರಶ್ನೆ ಅಲ್ಲವೇ ಅಲ್ಲ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಅನ್ನುವ 'ಫ್ರೀ ಸಾಫ್ಟ್‌ವೇರ್' ಯೋಜನೆ ಶುರುಮಾಡಿದಾಗಿನಿಂದ, 'ಫ್ರೀ' ಅಂದರೆ ಪುಕ್ಕಟೆ ಅಲ್ಲ, ಸ್ವತಂತ್ರ ಅಂತ ಹೇಳಿ ಹೇಳಿ ಅವರಿಗೆ ಸಾಕಾಗಿದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ, ಅದು ಅವರ ತ್ರಾಸು. ನಮಗೆ ಆ ತ್ರಾಸಿಲ್ಲ, ಆದರೂ ನಮ್ಮ ಕಾಲೇಜುಗಳು ಪುಕ್ಕಟೆ ಅರ್ಥವನ್ನೇ ಹಿಡಿದುಕೊಂಡಿವೆ. ಹಸಿರು ಚೌಕ ನೋಡಿ ಕೆಲಸ ಕೊಡುವುದೆಂದರೆ, ಸಂಜೆ ಯಾರಿಗೆ ಬಿಡುವಿದೆ ಅಂತ ನೋಡಿ ಕೊಟ್ಟ ಹಾಗೆ. ಸ್ವಂತ ರೂಮು, ಸ್ವಂತ ಲ್ಯಾಪ್‌ಟಾಪ್ ಇರುವ ಹುಡುಗನ ಚೌಕ ತುಂಬುತ್ತದೆ. ನನ್ನ ಟೀಮಿನಲ್ಲಿ ನನಗಿಂತ ಚೆನ್ನಾಗಿ ಕೋಡ್ ಬರೆಯುವ ಹೆಣ್ಣುಮಗಳೊಬ್ಬಳು ಆಫೀಸು ಮುಗಿಸಿ ಮನೆಗೆ ಹೋದರೆ ರೊಟ್ಟಿ ಬಡಿಯಬೇಕು, ಮಕ್ಕಳ ಹೋಮ್‌ವರ್ಕ್ ನೋಡಬೇಕು. ಅವಳ ಪ್ರೊಫೈಲ್ ಬೋಳು. ಅದಕ್ಕೇ ಇಂಟರ್‌ವ್ಯೂ ತೆಗೆದುಕೊಳ್ಳುವಾಗ ನಾನು ಆ ಚೌಕ ನೋಡುವುದನ್ನೇ ಬಿಟ್ಟೆ.

ಹಾಗಾದರೆ ಏನು ಮಾಡಲಿ ಅಂತೀಯಾ? ನಿನಗೆ ಚುಚ್ಚುವ ಮುಳ್ಳನ್ನು ತೆಗಿ. ನನ್ನ ಮೊದಲ ಕೊಡುಗೆ ನಾಲ್ಕು ಸಾಲಿನದು. ಒಂದು ಬಸ್ ಆ್ಯಪ್‌ನಲ್ಲಿ ಊರಿನ ಹೆಸರು ಉದ್ದವಾದರೆ ಇಷ್ಟು ಅಕ್ಷರಕ್ಕೆ ಅಂತ ಕತ್ತರಿಸುತ್ತಿದ್ದರು. ಇಂಗ್ಲಿಷಿಗೆ ಸರಿ. ಕನ್ನಡದಲ್ಲಿ ಕತ್ತರಿ ಒತ್ತಕ್ಷರದ ನಡುವೆ ಬಿದ್ದು 'ಕ್ರಾಸ್' ಹೋಗಿ ಬರೀ 'ಕ್' ಉಳಿಯುತ್ತಿತ್ತು. ಕಣ್ಣಿಗೆ 'ಸ್ತ್ರೀ' ಒಂದೇ ಅಕ್ಷರ, ಕಂಪ್ಯೂಟರಿಗೆ ಆರು: ಸ, ವಿರಾಮ (ಅರ್ಧಾಕ್ಷರ ಮಾಡುವ ಗುರುತು), ತ, ವಿರಾಮ, ರ, ಈ ಸ್ವರ. ಬರೆದವನು ಕನ್ನಡ ಓದುವವನಲ್ಲ, ಅವನಿಗೆ ಕಾಣುವುದೇ ಇಲ್ಲ. ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಸಂಖ್ಯೆ ಕೊಡುವ ಯೂನಿಕೋಡ್‌ನ 15.1 ಆವೃತ್ತಿ 2023ರಲ್ಲಿ ಬಂದಾಗ, ಒತ್ತಕ್ಷರವನ್ನು ಒಡೆಯದೆ ಇಡೀ ಒಂದಾಗಿ ಎಣಿಸುವ ನಿಯಮ ಸೇರಿಸಿದರು. ಆ ಪಟ್ಟಿಯಲ್ಲಿ ದೇವನಾಗರಿ, ತೆಲುಗು, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಕಾರಣ ಏನೇ ಇರಲಿ, ನಿನ್ನ ಫೋನ್‌ನಲ್ಲಿ ಕನ್ನಡ ಎಲ್ಲಿ ಮುರಿಯುತ್ತದೆ ಅಂತ ಕ್ಯಾಲಿಫೋರ್ನಿಯಾದವನಿಗಿಂತ ನಿನಗೇ ಮೊದಲು ಗೊತ್ತಾಗುತ್ತದೆ.

ಇಂಗ್ಲಿಷ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ಮೂರು ಸಾಲು, ಒಂದು ಸ್ಕ್ರೀನ್‌ಶಾಟ್. ಸಾಕು.

ಬೀದರ್_ಕೋಟೆ

ಅಣ್ಣಾ, ಬರೆದದ್ದು ಚೆನ್ನಾಗಿದೆ, ಆದರೆ ನೀವು ಸಂಬಳ ಬರುವ ಕುರ್ಚಿಯಲ್ಲಿ ಕೂತು ಹೇಳುತ್ತಿದ್ದೀರಿ. ಕೊನೆ ವರ್ಷದ ಹುಡುಗಿ, ತಲೆ ಮೇಲೆ ಎಜುಕೇಶನ್ ಲೋನ್ ಇದ್ದರೂ ಇರಬಹುದು, ಮನೆಯಲ್ಲಿ ಈ ಸಲ ತೊಗರಿ ಹೇಗೆ ಬಂದಿದೆಯೋ ಯಾರಿಗೆ ಗೊತ್ತು. ಅವಳಿಗೆ ಬೇಕಾಗಿರುವುದು ನೌಕರಿ. ಡೇಟಾ ಸ್ಟ್ರಕ್ಚರ್ ಓದಲಿ, ಆಪ್ಟಿಟ್ಯೂಡ್ ಓದಲಿ, ನಮ್ಮ ಕಲ್ಯಾಣ ಕರ್ನಾಟಕದವರಿಗೆ 371(ಜೆ) ಮೀಸಲಾತಿ ಇದೆ, ಸರ್ಕಾರಿ ಪರೀಕ್ಷೆನೂ ಬರೆಯಲಿ. ಯೂನಿಕೋಡ್ ಉದ್ಧಾರ ಆಮೇಲೆ.

ಈ ಓಪನ್ ಸೋರ್ಸ್‌ನಲ್ಲಿ ಕೊನೆಗೆ ದುಡ್ಡು ಮಾಡಿದವರು ಯಾರು ನೋಡಿ. 2024ರಲ್ಲಿ ರೆಡಿಸ್ ಅನ್ನುವ ಡೇಟಾಬೇಸ್‌ನವರು ಲೈಸೆನ್ಸ್ (ಕೋಡ್ ಬಳಸುವ ಷರತ್ತು) ಬದಲಿಸಿದರು. ಯಾಕೆ? ದೊಡ್ಡ ಕ್ಲೌಡ್ ಕಂಪನಿಗಳು ನಮ್ಮ ಕೋಡ್ ಮಾರಿ ಗಳಿಸುತ್ತಿವೆ ಅಂತ. ಆ ದೊಡ್ಡವರೇ ಕೆಲವು ದಿನಗಳಲ್ಲಿ ವಾಲ್ಕೀ ಅಂತ ಬೇರೆ ಕವಲು ತೆಗೆದರು. ಇಬ್ಬರಿಗೂ ದುಡ್ಡಿದೆ. ವರ್ಷಾನುಗಟ್ಟಲೆ ಸುಮ್ನೆ ಪ್ಯಾಚ್ (ತಿದ್ದುಪಡಿ) ಕಳಿಸಿದವನಿಗೆ ಏನು ಸಿಕ್ಕಿತು? ಹೋಳಿಗೆ ಅವರಿಗೆ, ಒಲೆ ಊದುವುದು ನಮಗೆ.

ತೊಗರಿ_ಕೋಡ್

ನೌಕರಿ ಮೊದಲು ಅನ್ನುವುದಕ್ಕೆ ನನ್ನ ತಕರಾರಿಲ್ಲ. ಆದರೆ ಪೂರ್ತಿ ಪುಕ್ಕಟೆ ಅನ್ನಬೇಡಿ. ಗೂಗಲ್ ಸಮ್ಮರ್ ಆಫ್ ಕೋಡ್ 2005ರಿಂದ ನಡೆಯುತ್ತಿದೆ, ಓಪನ್ ಸೋರ್ಸ್‌ಗೆ ಕೋಡ್ ಬರೆಯುವ ಹೊಸಬರಿಗೆ ಭತ್ಯೆ ಕೊಡುತ್ತಾರೆ. ಔಟ್‌ರೀಚಿ ಅಂತ ಇನ್ನೊಂದಿದೆ, ಈ ಲೋಕದಲ್ಲಿ ಜಾಗ ಸಿಗದವರಿಗೆ ಅಂತಲೇ. 2010ರಲ್ಲಿ, ಲಿನಕ್ಸ್‌ಗೆ ಡೆಸ್ಕ್‌ಟಾಪ್ ಮಾಡುವ ಗ್ನೋಮ್‌ನವರು ಹೆಣ್ಣುಮಕ್ಕಳಿಗಾಗಿ ಶುರುಮಾಡಿದ್ದು, ಮನೆಯಿಂದಲೇ ಮೂರು ತಿಂಗಳ ಕೆಲಸ, 7,000 ಡಾಲರ್. ತಂಗಿ, ಅದನ್ನು ಹುಡುಕಿ ಓದು. ಸುಲಭ ಅಂತ ಹೇಳುತ್ತಿಲ್ಲ, ಪೈಪೋಟಿ ಜೋರಾಗಿದೆ.

ಲೈಸೆನ್ಸ್ ಬಗ್ಗೆ ನಿಮ್ಮ ಸಿಟ್ಟು ಅರ್ಧ ಸರಿ. ಎಮ್‌ಐಟಿ ಲೈಸೆನ್ಸ್ ಹಾಕಿದರೆ ಯಾರು ಬೇಕಾದರೂ ತೆಗೆದುಕೊಂಡು ಬೀಗ ಹಾಕಬಹುದು. ಜಿಪಿಎಲ್ ಲೈಸೆನ್ಸ್ ಹಾಗಲ್ಲ, ಬದಲಿಸಿ ಹಂಚಿದರೆ ಕೋಡೂ ಕೊಡಬೇಕು. ಯಾವುದಕ್ಕೆ ಕೈ ಹಾಕುತ್ತೀವಿ ಅಂತ ನೋಡಿ ಹಾಕಬೇಕು. ಇದನ್ನು ಕಾಲೇಜಿನಲ್ಲಿ ಯಾರೂ ಹೇಳಿಕೊಡಲ್ಲ.

ಲ್ಯಾಬ್_ಸರ್

ಯಾದಗಿರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. ನಿಮ್ಮ ಜಗಳದಲ್ಲಿ ನಾನಿಲ್ಲ, ನನ್ನ ಹತ್ತಿರ ಕೆಲಸ ಇದೆ.

22 ಕಂಪ್ಯೂಟರ್‌ಗಳಿವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಇವು ಹಳೆಯವು, ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇವುಗಳಲ್ಲಿಲ್ಲ. ಹೊಸದು ಕೇಳಿದರೆ ಅನುದಾನ ಬರಲಿ ಅನ್ನುತ್ತಾರೆ. ಮೊದಲಾದರೆ ಪೇಟೆಯ ಅಂಗಡಿಯವನನ್ನು ಕರೆಸಿ ಕ್ರ್ಯಾಕ್ ಹಾಕಿಸುತ್ತಿದ್ದೆವು, ಸುಳ್ಳು ಯಾಕೆ ಹೇಳಲಿ. ಈ ಸಲ ಒಂಬತ್ತಕ್ಕೆ ಲಿನಕ್ಸ್ ಮಿಂಟ್ ಹಾಕಿದೆ. ಹುಡುಗರು ಎರಡೇ ದಿನಕ್ಕೆ ಒಗ್ಗಿಕೊಂಡರು. ಸಿ ಪ್ರೋಗ್ರಾಮಿಂಗ್ ಮೊದಲಿಗಿಂತ ಆರಾಮ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಎಷ್ಟೋ ವರ್ಷದಿಂದ ಲಿನಕ್ಸ್ ಮೇಲೆಯೇ ಕಲಿಸುತ್ತಾರೆ, ಅಲ್ಲಿ ಯಾರೂ ಸತ್ತಿಲ್ಲ.

ಅಡ್ಡಿ ಬಂದದ್ದು ಆಫೀಸಿನ ಕಡತಗಳಿಂದ. ಹದಿನೈದು ವರ್ಷದ ನಡಾವಳಿ, ಸುತ್ತೋಲೆ, ಪ್ರಮಾಣಪತ್ರ, ಎಲ್ಲ ಯೂನಿಕೋಡ್ ಅಲ್ಲದ ಹಳೆ ಆಸ್ಕಿ ಫಾಂಟ್‌ನಲ್ಲಿವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ತಲೆ ಮೇಲೆ ಗೆರೆ ಎಳೆದ ಇಂಗ್ಲಿಷ್ ಅಕ್ಷರಗಳ ಸಂತೆ. ಒಂದು ಓಪನ್ ಸೋರ್ಸ್ ಪರಿವರ್ತಕ ಸಿಕ್ಕಿತು, ಬಹಳಷ್ಟು ಸರಿ ಮಾಡುತ್ತದೆ, ಆದರೆ ಅರ್ಕಾವೊತ್ತು ಬಂದಲ್ಲಿ ಎಡವುತ್ತದೆ. 'ಸರ್ಕಾರ' ಹೋಗಿ 'ಸಕಾರ್ರ' ಆಗುತ್ತದೆ. 'ಕಾರ್ಯ' ಹೋಗಿ 'ಕಾಯರ್'. ನೀವೂ ವೆಬ್‌ಸೈಟ್‌ಗಳಲ್ಲಿ ನೋಡಿರುತ್ತೀರಿ. ಪೈಥಾನ್‌ನಲ್ಲಿ ಬರೆದಿದ್ದಾರೆ, ನನಗೆ ಅಷ್ಟು ಬರಲ್ಲ.

ನೋಡಮ್ಮಾ ಭೀಮಾ_ದಂಡೆ, ಕೈ ಹಾಕುತ್ತೀಯಾ? ಮಾದರಿಗೆ ನಲವತ್ತು ಪುಟ ಕಳಿಸುತ್ತೇನೆ, ಜನರ ಹೆಸರುಗಳನ್ನೆಲ್ಲ ತೆಗೆದು.

ಭೀಮಾ_ದಂಡೆ

ಹನ್ನೆರಡು ದಿನ ಆಯಿತು, ಏನಾಯಿತು ಅಂತ ಹೇಳಲು ಬಂದೆ. ನಡುವೆ ಇಂಟರ್ನಲ್ಸ್ ಇದ್ದವು. ಬೀದರ್_ಕೋಟೆ ಅಣ್ಣಾ, ಅದಕ್ಕೂ ಓದಿದ್ದೇನೆ, ಬೈಯಬೇಡಿ.

ಸರ್ ಕಳಿಸಿದ ಪುಟ ಇಟ್ಟುಕೊಂಡು ಕೂತೆ. ಮೂರು ರಾತ್ರಿ ಏನೂ ತಿಳಿಯಲಿಲ್ಲ. ಆಮೇಲೆ ಹಾಳೆಯಲ್ಲಿ ಬರೆದು ನೋಡಿದಾಗ ಗೊತ್ತಾಯಿತು. ಹಳೆ ಫಾಂಟ್‌ನಲ್ಲಿ ಅರ್ಕಾವೊತ್ತನ್ನು ನಾವು ಕೈಯಲ್ಲಿ ಬರೆಯುವ ಹಾಗೆ ಅಕ್ಷರ ಮುಗಿದ ಮೇಲೆ ಇಡುತ್ತಾರೆ. ಯೂನಿಕೋಡ್‌ನಲ್ಲಿ ಬಾಯಲ್ಲಿ ಹೇಳುವ ಹಾಗೆ 'ರ್' ಮೊದಲು ಬರಬೇಕು. ಅಂದರೆ ಪರಿವರ್ತಕ ಅದನ್ನು ಎತ್ತಿ ಹಿಂದಿನ ಅಕ್ಷರಕ್ಕಿಂತ ಮೊದಲು ಇಡಬೇಕು. ಅದು ಎತ್ತುತ್ತಲೇ ಇರಲಿಲ್ಲ, ಇದ್ದಲ್ಲೇ ಬಿಡುತ್ತಿತ್ತು. ಹದಿನಾಲ್ಕು ಸಾಲು ಬದಲಿಸಿದೆ. ಸರ್ಕಾರ ಸರ್ಕಾರವೇ ಆಯಿತು, ನಾನೊಬ್ಬಳೇ ಕೂತು ನಕ್ಕೆ.

ಕಳಿಸುವ ಮುಂಚೆ ಕೈ ನಡುಗಿತು. ತೊಗರಿ ಅಣ್ಣ ಹೇಳಿದ ಹಾಗೆ ಮೂರು ಸಾಲು ಇಂಗ್ಲಿಷ್, ಒಂದು ಸ್ಕ್ರೀನ್‌ಶಾಟ್. ನಾಲ್ಕು ದಿನ ಉತ್ತರ ಇಲ್ಲ. ಐದನೇ ದಿನ ಬಂತು, ಅದೂ ಕನ್ನಡದಲ್ಲಿ! ಕೋಡ್ ಸರಿ ಇದೆಯಾ ಅಂತ ನೋಡುವ ಟೆಸ್ಟ್ ಬರೆದು ಸೇರಿಸಿ, ಕನಿಷ್ಠ ಮೂವತ್ತು ಪದ ಇರಲಿ ಅಂದರು. ಸರ್ ಕಳಿಸಿದ ಪುಟಗಳಿಂದಲೇ ಆರಿಸಿ ಸೇರಿಸಿದೆ. ಇನ್ನೂ ಮರ್ಜ್ ಆಗಿಲ್ಲ (ಅವರ ಕೋಡಿಗೆ ಸೇರಿಲ್ಲ), ಯಾಕೆಂದರೆ ಇಪ್ಪತ್ತೊಂಬತ್ತು ಪಾಸಾಗಿ ಒಂದು ಬೀಳುತ್ತಿದೆ. 'ಸಾಮರ್ಥ್ಯ'. ಅಲ್ಲಿ 'ಥ'ಗೆ ಆಗಲೇ 'ಯ' ಒತ್ತು ಇದೆ, ನನ್ನ ಕೋಡ್ ಒಂದೇ ಹೆಜ್ಜೆ ಹಿಂದೆ ಹೋಗಿ ನಿಂತುಬಿಡುತ್ತದೆ, 'ಸಾಮಥ್ರ್ಯ' ಅಂತ ಬರುತ್ತದೆ.

ಸರ್, ಇಂಥ ಎರಡು ಒತ್ತಿನ ಪದ ಜಾಸ್ತಿ ಇರುವ ಪುಟಗಳಿದ್ದರೆ ಇನ್ನೊಂದಿಷ್ಟು ಕಳಿಸಿ. ನೆಟ್ ಪ್ಯಾಕ್ ಭಾನುವಾರದ ತನಕ ಇದೆ.