ಮೂರು ಪೊಸಿಷನ್‌ಗೆ ರೈಫಲ್‌ನ ಒಂದೇ ಸ್ಟಾಕ್, ಹೇಗೆ ಹೊಂದಿಸ್ತೀರಿ?

ಕೇಳಿದವರು, ಉಡುಪಿ: ಶೂಟಿಂಗ್‌ನಲ್ಲಿ ಏರ್ ರೈಫಲ್ ಬಿಟ್ಟು 50 ಮೀಟರ್ ತ್ರೀ ಪೊಸಿಷನ್‌ಗೆ ಬಂದಿದ್ದೇನೆ: ನೀಲಿಂಗ್ (ಮಂಡಿಯೂರಿ), ಪ್ರೋನ್ (ಮಲಗಿ), ಸ್ಟ್ಯಾಂಡಿಂಗ್ (ನಿಂತು). ಪ್ರೋನ್‌ನಲ್ಲಿ ಸರಿಯಾಗಿರುವ ಬಟ್ ಪ್ಲೇಟ್ (ರೈಫಲ್‌ನ ಒಡಲಾದ ಸ್ಟಾಕ್‌ನ ಹಿಂತುದಿಯಲ್ಲಿ ಭುಜಕ್ಕೆ ಆನಿಸುವ ತಟ್ಟೆ) ಸ್ಟ್ಯಾಂಡಿಂಗ್‌ನಲ್ಲಿ ಭುಜಕ್ಕೆ ಕೂರುವುದಿಲ್ಲ. ಪ್ರತಿ ಸಲ ಬದಲಿಸಬೇಕಾ, ನಡುವಿನ ಒಂದು ಸೆಟ್ಟಿಂಗ್ ಸಾಕಾ? ಅನುಭವ ಇದ್ದವರು ಹೇಳಿ.

ಸುರತ್ಕಲ್‌ನಿಂದ: ನಡುವಿನ ಸೆಟ್ಟಿಂಗ್ ಮಾತ್ರ ಬೇಡ ಮಾರಾಯ್ರೆ. ನನ್ನ ಎರಡು ವರ್ಷ ಅದರಲ್ಲೇ ಹೋಯಿತು. ಪ್ರೋನ್‌ಗೆ ಉದ್ದ ಬೇಕು, ಸ್ಟ್ಯಾಂಡಿಂಗ್‌ಗೆ ಗಿಡ್ಡ. ಸ್ಟ್ಯಾಂಡಿಂಗ್‌ನಲ್ಲಿ ಬಟ್ ಪ್ಲೇಟ್ ಕೆಳಗಿಳಿಸಿದ್ದರೆ ರೈಫಲ್ ಮುಖದ ಹತ್ತಿರ ಬರುತ್ತಿತ್ತು. ನಾನು ತಲೆಯನ್ನೇ ಬಗ್ಗಿಸಿದೆ. ಕುತ್ತಿಗೆ ಹಿಡಿಯಿತು. ಫಿಸಿಯೋ ಹತ್ತಿರ 11 ಸಲ, ಸಲಕ್ಕೆ 450 ರೂಪಾಯಿ. ಆಮೇಲೆ ಹುಕ್ ಇರುವ ಬಟ್ ಪ್ಲೇಟ್ ತರಿಸಿದೆ, 31,000. ಕಸ್ಟಮ್ಸ್ ಬೇರೆ. ಬಂದು ನೋಡಿದರೆ ಅದು ಕೂರಬೇಕಾದ ನನ್ನ ಸ್ಟಾಕ್‌ನ ರೈಲ್‌ಗೆ 2 ಮಿಲಿಮೀಟರ್ ದೊಡ್ಡದು! ಬೈಕಂಪಾಡಿಯ ಲೇತ್‌ನಲ್ಲಿ ಅಡಾಪ್ಟರ್ ಮಾಡಿಸಿದೆ, 1,800. ಮೊದಲನೆಯದು ಓರೆಯಾಯಿತು, ಮತ್ತೆ 1,800. ಈಗ ಮೂರಕ್ಕೂ ಬೇರೆ ಬೇರೆ ನಂಬರ್, ಡೈರಿಯಲ್ಲಿ ಬರೆದಿಟ್ಟಿದ್ದೇನೆ.

ಮಣಿಪಾಲದಿಂದ: ಇಷ್ಟು ದುಡ್ಡು ಸುರಿಯುವ ಅಗತ್ಯ ಏನುಂಟು? ನನ್ನದು ಹಳೇ ಮರದ ಸ್ಟಾಕ್. ಬಟ್ ಪ್ಲೇಟ್ ಎಲ್ಲಿ ನಿಲ್ಲಬೇಕು ಅಂತ ಮಗಳ ನೇಲ್ ಪಾಲಿಶ್‌ನಲ್ಲಿ ಗೆರೆ ಎಳೆದಿದ್ದೇನೆ. ಪ್ರೋನ್ ಕೆಂಪು, ನೀಲಿಂಗ್ ನೀಲಿ, ಸ್ಟ್ಯಾಂಡಿಂಗ್ ಬಿಳಿ. ಕತ್ತಲಾದರೂ ತಪ್ಪಲ್ಲ. ಆದರೆ ಒಂದು ಮ್ಯಾಚ್‌ನಲ್ಲಿ ಪೆಟ್ಟು ತಿಂದೆ. ನೀಲಿಂಗ್ ಮುಗಿಸಿ ಸ್ಟಾಕ್ ಉದ್ದ ಬದಲಿಸಿದೆ, ರಿಯರ್ ಸೈಟ್ (ಗುರಿ ನೋಡಲು ಕಣ್ಣಿನ ಕಡೆಗಿರುವ ತೂತು) ಸರಿಸಲು ಮರೆತೆ. ಕಣ್ಣು ಸೈಟ್‌ಗೆ ತೀರಾ ಹತ್ತಿರ. ಒಳಗಿನ ಬೆಳಕಿನ ಉಂಗುರ ದಪ್ಪಗೆ ಕಾಣ್ತಿತ್ತು. ಗುಂಡು ಎಂಟು, ಒಂಬತ್ತಕ್ಕೆ ಹೋದಾಗ ಗಾಳಿ ಅಂದುಕೊಂಡು ಸೈಟ್‌ನ ಗುಂಡಿ ತಿರುಗಿಸಿ ಕ್ಲಿಕ್ ಹಾಕುತ್ತಲೇ ಇದ್ದೆ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕುಂದಾಪುರದಿಂದ: 2024ರಲ್ಲಿ ಸ್ವಪ್ನಿಲ್ ಕುಸಾಲೆ ಪ್ಯಾರಿಸ್‌ನಲ್ಲಿ ಕಂಚು ಗೆದ್ದ ಮೇಲೆ ನಾನೂ ತ್ರೀ ಪೊಸಿಷನ್ ಹಿಡಿದವನು. ಇಬ್ಬರೂ ಬಟ್ ಪ್ಲೇಟ್‌ಗೇ ಅಂಟಿಕೊಂಡಿದ್ದೀರಿ. ಮುಂದಿನ ಕೈ ಜಾರದಂತೆ ಸ್ಟಾಕ್ ಕೆಳಗೆ ತಡೆಯುವ ಹ್ಯಾಂಡ್ ಸ್ಟಾಪ್ ಯಾರು ನೋಡುವುದು? ನನಗೆ ಪ್ರೋನ್‌ನಲ್ಲಿ ಎಡಗೈ ತೀರಾ ಕೆಳಗಿದೆ ಅಂತ ವಾರ್ನಿಂಗ್ ಬಂತು. ಮೊಣಕೈಯಿಂದ ಮಣಿಕಟ್ಟಿನವರೆಗೆ ನೆಲಕ್ಕೆ 30 ಡಿಗ್ರಿ ಆದರೂ ಇರಬೇಕು. ಹ್ಯಾಂಡ್ ಸ್ಟಾಪ್ 3 ಸೆಂಟಿಮೀಟರ್ ಹಿಂದಕ್ಕೆ ತಂದೆ, ಸರಿಹೋಯಿತು. ಖರ್ಚು ಸೊನ್ನೆ. ಈಗ 20-20-20 ಗುಂಡು, ಸೈಟರ್ (ಲೆಕ್ಕಕ್ಕಿಲ್ಲದ ಪರೀಕ್ಷೆಯ ಗುಂಡು), ಬದಲಾವಣೆ ಎಲ್ಲ ಸೇರಿ ಒಂದೂವರೆ ಗಂಟೆ. ನೇಲ್ ಪಾಲಿಶ್ ಹುಡುಕುತ್ತಾ ಕೂತರೆ ಆಯಿತು ಕಥೆ.

ಮಣಿಪಾಲದಿಂದ: ಹುಡುಕುವುದಕ್ಕೇನಿದೆ? ಗೆರೆ ಕಣ್ಣೆದುರೇ ಇರುತ್ತದೆ. ನನಗೆ ಎರಡು ನಿಮಿಷ ಸಾಕು. ಒಂದು ವರ್ಷದ ಅನುಭವದಲ್ಲಿ ಪಾಠ ಹೇಳಬೇಡಿ.

ಸುರತ್ಕಲ್‌ನಿಂದ: ಮರದ ಸ್ಟಾಕ್ ನಮ್ಮ ಮಳೆಗಾಲಕ್ಕೆ ಆಗುವುದಿಲ್ಲ. ಜೂನ್‌ನಲ್ಲಿ ಉಬ್ಬಿ ಜೀರೋ (ಹೊಂದಿಸಿಟ್ಟ ಗುರಿ) ಎಲ್ಲೋ ಹೋಗುತ್ತದೆ. ಹೊಸಬರಿಗೆ ಅದನ್ನು ಹೊಗಳಬೇಡಿ.

ಮಣಿಪಾಲದಿಂದ: ಉಬ್ಬಿದ್ದು ನೋಡಿದ್ದೀರಾ? ಉಪ್ಪು ಗಾಳಿಗೆ ನಿಮ್ಮ ಅಲ್ಯೂಮಿನಿಯಂ ಸ್ಟಾಕ್‌ನ ಸ್ಕ್ರೂ ತುಕ್ಕು ಹಿಡಿದು, ಅಲೆನ್ ಕೀ ಒಳಗೇ ಮುರಿದದ್ದು ನೀವೇ ಹೇಳಿದ್ದು ಅಲ್ವಾ? ನನ್ನ ಆಕ್ಷನ್ (ಗುಂಡು ತುಂಬಿ ಹಾರಿಸುವ ಲೋಹದ ಭಾಗ) ಕೂತಿರುವುದು ಬೆಡ್ಡಿಂಗ್ (ಮರದ ಮೇಲೆ ಅಚ್ಚು ಹಾಕಿದ ಗಟ್ಟಿ ಪದರ) ಮೇಲೆ. 2019ರಿಂದ ಯಾವ ಮಳೆಗಾಲದಲ್ಲೂ ಎರಡು ಕ್ಲಿಕ್‌ಗಿಂತ ಜಾಸ್ತಿ ಸರಿದಿಲ್ಲ. ಭಾನುವಾರ ಬನ್ನಿ, ಬಿಚ್ಚಿ ತೋರಿಸುತ್ತೇನೆ. ಸ್ಕ್ರೂ ಅಳತೆಗೆ ಬಿಗಿಯುವ ಟಾರ್ಕ್ ಕೀ ನಿಮ್ಮದೇ ತನ್ನಿ.