ಛತ್ರಿ ಮೇಲಿನ ಬಿಳಿ ಯಾವುದು?

ಶ್ರೀನಿವಾಸ ದೊಡ್ಡಪ್ಪ: (ಫಾರ್ವರ್ಡ್) ಅಜಂತಾ ಚಿತ್ರಗಳ ಬಣ್ಣ ಪೂರ್ತಿ ಗಿಡಮೂಲಿಕೆ ರಸ! ಅದರ ಗುಟ್ಟು ಇವತ್ತಿಗೂ ಯಾವ ವಿಜ್ಞಾನಿಗೂ ಸಿಕ್ಕಿಲ್ಲ!! ಎಲ್ಲರಿಗೂ ಕಳಿಸಿ 🙏

ವನಜತ್ತೆ: 🙏🙏

ಸುಮಾ: ದೊಡ್ಡಪ್ಪ, ಇದು ಸುಳ್ಳು. 1930ರ ದಶಕದಲ್ಲೇ ಮದ್ರಾಸ್ ಮ್ಯೂಸಿಯಂನ ಎಸ್. ಪರಮಶಿವನ್ ಅಜಂತಾದ ಗಾರೆ, ಬಣ್ಣ ಎರಡನ್ನೂ ಪರೀಕ್ಷೆ ಮಾಡಿದ್ದರು. ಕೆಂಪು, ಹಳದಿ ಎರಡೂ ಕಾವಿ ಮಣ್ಣಿನ ಜಾತಿ. ಹಸಿರೂ ಒಂದು ಬಗೆಯ ಮಣ್ಣೇ. ಕಪ್ಪು ದೀಪದ ಮಸಿ.

ಶ್ರೀನಿವಾಸ ದೊಡ್ಡಪ್ಪ: ಬರೀ ಮಣ್ಣು ಸಾವಿರದ ಐನೂರು ವರ್ಷ ಉಳಿಯುತ್ತದಾ?

ಸುಮಾ: ಮಣ್ಣಾಗಿದ್ದಕ್ಕೇ ಉಳಿದಿದೆ. ಅರಿಸಿನದಲ್ಲಿ ಅದ್ದಿದ ಬಟ್ಟೆ ಬಿಸಿಲಿಗೆ ಎಷ್ಟು ದಿನ ತಡೆಯುತ್ತದೆ? ಕಾವಿಯ ಕೆಂಪು ಅಂದರೆ ಹೆಚ್ಚುಕಡಿಮೆ ಕಬ್ಬಿಣದ ತುಕ್ಕು. ತುಕ್ಕು ಇನ್ನೇನು ತುಕ್ಕು ಹಿಡಿಯಬೇಕು ಹೇಳಿ.

ಕಿರಣ: 😂 ನೀಲಿ ಯಾವುದು ಹಾಗಾದರೆ?

ಸುಮಾ: ಅದೇ ಮಜಾ. ಐದನೇ ಶತಮಾನದ ಗುಹೆಗಳಲ್ಲಿರುವ ನೀಲಿ ಲ್ಯಾಪಿಸ್ ಲಾಜುಲಿ. ನಮ್ಮವರು ರಾಜಾವರ್ತ ಅನ್ನುವ ಕಲ್ಲು. ಅದು ಸಿಗುತ್ತಿದ್ದದ್ದು ಅಫ್ಘಾನಿಸ್ತಾನದ ಬದಕ್ಷಾನ್ ಬೆಟ್ಟಗಳಲ್ಲಿ. ಅಲ್ಲಿಂದ ಅಜಂತಾ ತನಕ ಹೊತ್ತು ತಂದಿದ್ದಾರೆ. ಸೊಪ್ಪಿನ ರಸಕ್ಕಿಂತ ಇದು ದೊಡ್ಡ ಸಂಗತಿ ಅಲ್ವಾ?

ಶ್ರೀನಿವಾಸ ದೊಡ್ಡಪ್ಪ: ನಿಮ್ಮ ಲ್ಯಾಬಿನವರಿಗೆ ನಮ್ಮ ಹಿರಿಯರ ಮಾತೆಲ್ಲ ಸುಳ್ಳು.

ಕಿರಣ: ದೊಡ್ಡಪ್ಪ, ಫಾರ್ವರ್ಡ್ ಬರೆದವರು ನಮ್ಮ ಹಿರಿಯರಲ್ಲ.

ವನಜತ್ತೆ: ಕಿರಣ, ದೊಡ್ಡವರ ಜೊತೆ ಹಾಗೆ ಮಾತಾಡಬೇಡ. ಸುಮಾ, ಇದನ್ನೆಲ್ಲ ತಿಳಿಯೋಕೆ ಚಿತ್ರ ಕೆರೆಯುತ್ತೀರಾ? ಪಾಪ ಅಲ್ವಾ?

ಸುಮಾ: ಮೊದಲು ಮುಟ್ಟದೇ ನೋಡುತ್ತೇವೆ ಅತ್ತೆ. ಎಕ್ಸ್‌ಆರ್‌ಎಫ್ ಅಂತ ಕೈಯಲ್ಲಿ ಹಿಡಿಯುವ ಯಂತ್ರ ಇದೆ. ಬಣ್ಣದ ಮೇಲೆ ಎಕ್ಸ್-ರೇ ಬಿಟ್ಟರೆ ಕಬ್ಬಿಣ, ಸೀಸ, ಪಾದರಸ ಎಲ್ಲ ತೋರಿಸುತ್ತದೆ. ಆದರೆ ಲ್ಯಾಪಿಸ್ ಮುಂದೆ ಅದು ಪೆಚ್ಚು. ಅದರಲ್ಲಿರುವುದು ಸೋಡಿಯಂ, ಅಲ್ಯೂಮಿನಿಯಂ, ಸಿಲಿಕಾನ್, ಗಂಧಕ. ಎಲ್ಲ ಹಗುರ ಧಾತುಗಳು, ಆ ಯಂತ್ರಕ್ಕೆ ಸರಿಯಾಗಿ ಕಾಣಿಸುವುದಿಲ್ಲ. ಅದಕ್ಕೆ ಲೇಸರ್ ಬಿಟ್ಟು ನೋಡುವ ರಾಮನ್ ವಿಧಾನ. ಇದು ನಮ್ಮ ಸಿ.ವಿ. ರಾಮನ್ ಅವರದೇ ದೊಡ್ಡಪ್ಪ, ಇದನ್ನು ಬೇಕಾದರೆ ಫಾರ್ವರ್ಡ್ ಮಾಡಿ.

ಶ್ರೀನಿವಾಸ ದೊಡ್ಡಪ್ಪ: ರಸ ಇಲ್ಲದಿದ್ದರೆ ಮಣ್ಣು ಗೋಡೆಗೆ ಅಂಟಿದ್ದು ಹೇಗೆ? ಅದನ್ನು ಹೇಳು.

ಸುಮಾ: ಒಳ್ಳೆ ಪ್ರಶ್ನೆ. ಬಣ್ಣಕ್ಕೆ ಅಂಟು ಬೆರೆಸಿ, ಒಣಗಿದ ಗಾರೆಯ ಮೇಲೆ ಬರೆದಿದ್ದಾರೆ. ಆ ಅಂಟು ಹುಡುಕೋದು ಮಾತ್ರ ಕಷ್ಟ. 1920ರ ದಶಕದಲ್ಲಿ ನಿಜಾಮರ ಸರ್ಕಾರ ಇಟಲಿಯಿಂದ ತಜ್ಞರನ್ನು ಕರೆಸಿತ್ತು. ಅವರು ಚಿತ್ರ ಉಳಿಸಲು ಅರಗಿನ ವಾರ್ನಿಷ್ ಬಳಿದರು. ಅದು ಹಳದಿಯಾಗಿ ಕಪ್ಪಿಟ್ಟಿತು. ಈಗ ಹಳೇ ಅಂಟು ಯಾವುದು, ಆಮೇಲೆ ಬಳಿದದ್ದು ಯಾವುದು ಅಂತ ಬಿಡಿಸಬೇಕು.

ಶ್ರೀನಿವಾಸ ದೊಡ್ಡಪ್ಪ: ನೋಡಿದೆಯಾ! ಹಾಳು ಮಾಡಿದ್ದೇ ತಜ್ಞರು.

ಸುಮಾ: ಅದನ್ನು ಒಪ್ಪಿದೆ.

ಕಿರಣ: ಇದೆಲ್ಲ ಬಿಡಿ. ನಮ್ಮನೆ ರಾಮ ಪಟ್ಟಾಭಿಷೇಕದ ಚಿತ್ರಕ್ಕೆ ಆ ಯಂತ್ರ ಹಿಡಿದರೆ?

ಶ್ರೀನಿವಾಸ ದೊಡ್ಡಪ್ಪ: ಏನೂ ಬೇಡ. ಅದು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಅಪ್ಪ ಹೇಳಿದ್ದಾರೆ.

ಸುಮಾ: ಮುಮ್ಮಡಿಯವರು ತೀರಿಕೊಂಡದ್ದು 1868ರಲ್ಲಿ. ಬಿಳಿಯಲ್ಲಿ ಸೀಸ ಸಿಕ್ಕರೆ ನಿಮ್ಮ ಮಾತು ನಿಜ ಇರಬಹುದು. ಆಗಿನ ಸಫೇದಾ, ಅಂದರೆ ಬಿಳಿ ಬಣ್ಣ, ಹೆಚ್ಚಾಗಿ ಸೀಸದ್ದೇ. ಟೈಟಾನಿಯಂ ಸಿಕ್ಕರೆ ಕಷ್ಟ. ಆ ಬಿಳಿ ಪೇಟೆಗೆ ಬಂದದ್ದೇ 1920ರ ಆಸುಪಾಸು.

ಶ್ರೀನಿವಾಸ ದೊಡ್ಡಪ್ಪ: ಅಂದರೆ ಅಪ್ಪ ಸುಳ್ಳು ಹೇಳಿದರು ಅಂತ ನಿನ್ನ ಯಂತ್ರ ಹೇಳುತ್ತದಾ?

(ಹನ್ನೊಂದು ನಿಮಿಷ ಯಾರೂ ಏನೂ ಬರೆಯಲಿಲ್ಲ)

ವನಜತ್ತೆ: ಒಂದು ಮಾತು ಹೇಳಲಾ? ಅಣ್ಣ, ನೀನು ಬೊಂಬಾಯಿಯಲ್ಲಿದ್ದೆ. 1979ರ ಮಳೆಗಾಲದಲ್ಲಿ ಗೋಡೆ ಸೋರಿ ರಾಮನ ಮೇಲಿನ ಬಿಳಿ ಛತ್ರಿ ಕಿತ್ತು ಬಂತು. ಅಮ್ಮನಿಗೆ ಗೊತ್ತಾಗುವ ಮೊದಲೇ ಅಪ್ಪ ಕಿಟಕಿಗೆ ಬಳಿದು ಉಳಿದಿದ್ದ ಪೇಂಟ್ ತಂದು ಹಚ್ಚಿಬಿಟ್ಟರು. ಕುಂಚ ಹಿಡಿದುಕೊಟ್ಟವಳು ನಾನೇ.

ಕಿರಣ: 😳

ಶ್ರೀನಿವಾಸ ದೊಡ್ಡಪ್ಪ: ನಲವತ್ತು ವರ್ಷದಿಂದ ಆ ಛತ್ರಿಗೆ ಕೈ ಮುಗಿಯುತ್ತಿದ್ದೇನೆ!

ಸುಮಾ: ದೊಡ್ಡಪ್ಪ, ಇದರಿಂದ ನಿಮಗೇ ಅನುಕೂಲ. ಸುಮ್ನೆ ಛತ್ರಿಗೆ ಯಂತ್ರ ಹಿಡಿದಿದ್ದರೆ ಟೈಟಾನಿಯಂ ಬಂದು, ಇಡೀ ಚಿತ್ರ ಹೊಸದು ಅಂತ ನಾನೇ ಹೇಳಿಬಿಡುತ್ತಿದ್ದೆ. ಎಲ್ಲಿಂದ ನೋಡಿದೆವು ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ. ಬಿರುಕು ಬಿಟ್ಟ ಅಂಚಿನಲ್ಲಿ ಗಸಗಸೆಗಿಂತ ಸಣ್ಣ ಚೂರು ಸಿಕ್ಕರೆ ಸಾಕು. ಅದನ್ನು ರಾಳದಲ್ಲಿ ಕೂರಿಸಿ, ಪಕ್ಕದಿಂದ ಉಜ್ಜಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಚಿರೋಟಿ ಹಾಗೆ ಪದರ ಪದರ ಕಾಣುತ್ತದೆ. ಮೇಲೆ ತಾತನ ಪೇಂಟ್, ಕೆಳಗೆ ಹಳೇ ಸಫೇದಾ ಏನಾದರೂ ಉಳಿದಿದ್ದರೆ ಅದು.

ಶ್ರೀನಿವಾಸ ದೊಡ್ಡಪ್ಪ: ಯುಗಾದಿಗೆ ಬಾ. ಮುಟ್ಟದ ಯಂತ್ರ ಮಾತ್ರ ತಾ. ಚೂರು ಗೀರು ಆಮೇಲೆ ನೋಡೋಣ.

ವನಜತ್ತೆ: ಆ ಪೇಂಟ್ ಡಬ್ಬಿ ಇನ್ನೂ ಅಟ್ಟದ ಮೇಲಿದೆ. ಅದರೊಳಗೆ ಮೊಳೆ ಹಾಕಿಟ್ಟಿದ್ದೇನೆ. ತಳದಲ್ಲಿ ಗಟ್ಟಿಯಾದ ಬಿಳಿ ಅಂಟಿಕೊಂಡಿದೆ. ಬೇಕಾ?

ಸುಮಾ: ಬೇಕು ಅತ್ತೆ! ದಯವಿಟ್ಟು ತೊಳೆಯಬೇಡಿ!!