ಸಹಾಯ ಬೇಕು: ನಾಯ್ಸ್ ಕಛೇರಿಯ ರೆಕಾರ್ಡಿಂಗ್‌ನಲ್ಲಿ ಬೇಡದ ಕರಕರ

ನಮಸ್ಕಾರ. ಹೋದ ಶನಿವಾರ ಗೆಳೆಯರಿಬ್ಬರ ನಾಯ್ಸ್ ಕಛೇರಿ ರೆಕಾರ್ಡ್ ಮಾಡಿದೆ. ಜಪಾನಿನ ನಾಯ್ಸ್ ಕಲಾವಿದ ಮೆರ್ಜ್‌ಬೌ ಕೇಳಿದವರಿಗೆ ಗೊತ್ತಿರುತ್ತದೆ, ರಾಗ ತಾಳ ಏನಿಲ್ಲ, ಬರೀ ಫೀಡ್‌ಬ್ಯಾಕು, ಸದ್ದು ತಿರುಚುವ ಪೆಡಲ್‌ಗಳ ಗದ್ದಲ. ನಿಲ್ಲಿಸದೆ 75 ನಿಮಿಷ, ಎಲ್ಲ ಅಲ್ಲೇ ಹುಟ್ಟಿದ್ದು. (ಅಮ್ಮ ಕೇಳಿ, ಮಿಕ್ಸಿ ಕೆಟ್ಟಿದೆಯಾ ಅಂದರು.)

24 ಬಿಟ್, 96 ಕಿಲೋಹರ್ಟ್ಸ್ ಸ್ಟೀರಿಯೋ ಇಟ್ಟಿದ್ದೆ. 62ನೇ ನಿಮಿಷಕ್ಕೆ ಒಂದು ಫೈಲಿನ ಮಿತಿ 2 ಜಿಬಿ ಮುಟ್ಟಿ ಫೈಲ್ ಎರಡು ತುಂಡಾಯಿತು. ಅದನ್ನು ಹೇಗೋ ಜೋಡಿಸಿದೆ. ತಲೆನೋವು ಬೇರೆ: ಕೆಲವು ಕಡೆ ಲೆವೆಲ್ 0 ಡಿಬಿ, ಅಂದರೆ ರೆಕಾರ್ಡರ್‌ನ ಮೇಲ್ಮಿತಿ, ಮುಟ್ಟಿ ಅಲೆಯ ತುದಿಯೇ ಕತ್ತರಿಸಿಹೋಗಿದೆ. ಅವರು ಬೇಕಂತಲೇ ಎಬ್ಬಿಸಿದ ಕರಕರ ಯಾವುದು, ನನ್ನ ತಪ್ಪಿನದು ಯಾವುದು? ಡಿ-ಕ್ಲಿಪ್ (ಕತ್ತರಿಸಿಹೋದ ತುದಿಯನ್ನು ಅಂದಾಜಿನಲ್ಲಿ ಮತ್ತೆ ಕಟ್ಟುವ ಸಾಫ್ಟ್‌ವೇರ್) ಹಾಕಿದರೆ ಎರಡೂ ಮೆತ್ತಗಾಗುತ್ತವೆ.

ಇಂಥದ್ದನ್ನು ಸರಿಮಾಡಿದವರು ಯಾರಾದರೂ ಇದ್ದೀರಾ? ಮುಂದಿನ ಸಲ 0 ಡಿಬಿ ದಾಟಿದರೂ ತುದಿ ಕತ್ತರಿಸದೆ ಉಳಿಸಿಕೊಳ್ಳುವ 32 ಬಿಟ್ ಫ್ಲೋಟ್ ರೆಕಾರ್ಡರ್ ಬಾಡಿಗೆಗೆ ತರೋಣ ಅಂತಿದ್ದೇನೆ. ಆದರೆ ಮೈಕೇ ಅಷ್ಟು ಸದ್ದು ತಡೆಯದಿದ್ದರೆ ಅದೂ ದಂಡ, ಅಲ್ವಾ?